ಒಳಕಿವಿಯ ಗಡ್ಡೆ: ಶಸ್ತ್ರಕ್ರಿಯೆಯ ಮುಂಚಿನ ಸಿದ್ಧತೆಯ ಚರಿತ್ರೆ

ಒಳಕಿವಿಯಿಂದ ಮೆದುಳಿಗೆ ಹೋಗುವ ಎಂಟನೆಯ ನರದ ಮೇಲೆ ಬೆಳೆಯುವ ಗಡ್ಡೆಯನ್ನು ವೈದ್ಯರು ಬಹುಕಾಲ ಅಕೌಸ್ಟಿಕ್ ನ್ಯೂರೋಮಾ ಎಂದು ಕರೆದರು; ಈಗಿನ ಹೆಸರು ವೆಸ್ಟಿಬ್ಯುಲರ್ ಶ್ವಾನೋಮಾ. ಇದು ಕ್ಯಾನ್ಸರ್ ಅಲ್ಲ. ನರಕ್ಕೆ ಹೊದಿಕೆಯಾಗಿರುವ ಶ್ವಾನ್ ಜೀವಕೋಶಗಳು ನಿಧಾನವಾಗಿ, ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರಿನಂತೆ ಹೆಚ್ಚುತ್ತ ಹೋಗುತ್ತವೆ. ಗಡ್ಡೆ ಸೌಮ್ಯವಾದರೂ ಅದು ಕೂತ ಜಾಗ ಸೌಮ್ಯವಲ್ಲ. ಕಿವಿಯ ಹಿಂದಿನ ಗಟ್ಟಿ ಮೂಳೆಯೊಳಗೆ ಸುಮಾರು ಒಂದು ಸೆಂಟಿಮೀಟರ್ ಉದ್ದದ ಕಿರಿದಾದ ನಾಳವಿದೆ. ಕೇಳುವ ನರ, ಸಮತೋಲನದ ಎರಡು ಕವಲು ನರಗಳು, ಮುಖದ ಸ್ನಾಯುಗಳನ್ನು ಆಡಿಸುವ ನರ, ಇಷ್ಟೂ ಆ ನಾಳದಲ್ಲೇ ಹಾದುಹೋಗಬೇಕು. ಗಡ್ಡೆ ಹೆಚ್ಚಾಗಿ ಹುಟ್ಟುವುದು ಸಮತೋಲನದ ನರದಲ್ಲಿ. ಮೊದಲು ಕೆಡುವುದು ಕಿವಿ. ನಾಳ ತುಂಬಿದ ಮೇಲೆ ಅದು ಕಿರುಮೆದುಳಿಗೂ ಮೆದುಳುಕಾಂಡಕ್ಕೂ ನಡುವಿನ ಮೂಲೆಗೆ ಚಾಚಿಕೊಳ್ಳುತ್ತದೆ. ಉಸಿರಾಟ, ನುಂಗುವಿಕೆ, ಎಚ್ಚರ ಎಲ್ಲವನ್ನೂ ನಡೆಸುವ ಮೆದುಳುಕಾಂಡ ಅಲ್ಲಿಂದ ಕೂದಲೆಳೆಯಷ್ಟೇ ದೂರ. ಈ ಗಡ್ಡೆಯ ಶಸ್ತ್ರಕ್ರಿಯೆಯಲ್ಲಿ ಕತ್ತಿ ಹಿಡಿಯುವ ಗಳಿಗೆಗಿಂತ ಅದಕ್ಕೆ ಮುಂಚಿನ ದಿನಗಳಿಗೆ ಹೆಚ್ಚು ತೂಕ ಬಂದದ್ದಕ್ಕೆ ಈ ಜಾಗವೇ ಕಾರಣ.

ಗಡ್ಡೆಯ ಮೊದಲ ವರ್ಣನೆ ಬಂದದ್ದು ಶವಪರೀಕ್ಷೆಯ ಮೇಜಿನಿಂದ. ನೆದರ್ಲೆಂಡ್ಸ್‌ನ ಲೈಡನ್ ನಗರದ ಅಂಗರಚನಾ ತಜ್ಞ ಎಡ್ವರ್ಡ್ ಸ್ಯಾಂಡಿಫೋರ್ಟ್ 1777ರಲ್ಲಿ ಶ್ರವಣನರಕ್ಕೆ ಅಂಟಿಕೊಂಡಿದ್ದ ಒಂದು ಗಟ್ಟಿಯಾದ ಸಣ್ಣ ಕಾಯವನ್ನು ಕಂಡು ಬರೆದಿಟ್ಟ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಪ್ಯಾರಿಸ್ಸಿನ ಜಾನ್ ಕ್ರುವೆಲ್ಯೇ, ಬದುಕಿದ್ದಾಗಿನ ಲಕ್ಷಣಗಳನ್ನೂ ಸತ್ತ ಮೇಲಿನ ನೋಟವನ್ನೂ ಜೋಡಿಸಿ ಒಬ್ಬ ತರುಣಿಯ ಪೂರ್ತಿ ಕಥೆ ಕೊಟ್ಟ: ಮೊದಲು ಒಂದು ಕಿವಿ ಮಂದವಾಯಿತು, ವರ್ಷಗಳ ನಂತರ ತಲೆನೋವು, ಆಮೇಲೆ ಕಣ್ಣೂ ಹೋಯಿತು, ಕೊನೆಗೆ ಸಾವು. ಗಡ್ಡೆ ಇಂಥಲ್ಲೇ ಇದೆ ಎಂದು ಬದುಕಿರುವಾಗಲೇ ಹೇಳುವ ವಿದ್ಯೆ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಅರಿವಳಿಕೆಯೂ ಕ್ರಿಮಿನಾಶಕ ಪದ್ಧತಿಯೂ ಬೇರೂರಿ, ಮೆದುಳಿನ ಯಾವ ಭಾಗಕ್ಕೆ ಯಾವ ಕೆಲಸ ಎಂಬುದು ಬೆಳಕಿಗೆ ಬಂದ ಮೇಲೆಯೇ ಯಾರಾದರೂ ಆ ಮೂಲೆಗೆ ಕೈಹಾಕಲು ಧೈರ್ಯ ಮಾಡಿದ್ದು.

1894ರಲ್ಲಿ ಲಂಡನ್ನಿನ ಚಾರ್ಲ್ಸ್ ಬ್ಯಾಲೆನ್ಸ್ ಇಂಥ ಗಡ್ಡೆಯೊಂದನ್ನು ಎರಡು ಹಂತಗಳಲ್ಲಿ ತೆಗೆದ. ಮೊದಲ ದಿನ ಮೂಳೆ ತೆರೆದು, ಕೆಲವು ದಿನ ಬಿಟ್ಟು ಗಡ್ಡೆಗೆ ಹೋಗುವುದು ಆಗಿನ ಕಾಲದ ಮುಖ್ಯ ಸಿದ್ಧತೆ. ರೋಗಿಗೆ ಒಮ್ಮೆಲೇ ಆಘಾತವಾಗಬಾರದು, ತಲೆಬುರುಡೆಯೊಳಗಿನ ಒತ್ತಡ ಸ್ವಲ್ಪ ಇಳಿದಿರಬೇಕು ಎಂಬುದು ಅದರ ತರ್ಕ. ಗಡ್ಡೆಯನ್ನು ಬಿಡಿಸಲು ಬ್ಯಾಲೆನ್ಸ್ ಬಳಸಿದ್ದು ತನ್ನ ಬೆರಳನ್ನೇ. ರೋಗಿ ಬದುಕಿದಳು, ಆದರೆ ಮುಖದ ಒಂದು ಬದಿ ಸೋತಿತು, ಸ್ಪರ್ಶವಿಲ್ಲದ ಕಣ್ಣು ಹುಣ್ಣಾಗಿ ಅದನ್ನು ತೆಗೆಯಬೇಕಾಯಿತು. ಅದು ನಿಜಕ್ಕೂ ಶ್ರವಣನರದ ಗಡ್ಡೆಯೋ ಮೆದುಳಿನ ಹೊದಿಕೆಯ ಗಡ್ಡೆಯೋ ಎಂಬ ವಾದ ಆಮೇಲೆ ಹುಟ್ಟಿತು. ಆದ್ದರಿಂದ ಮೊದಲ ನಿಸ್ಸಂದೇಹ ಯಶಸ್ಸಿನ ಹೆಗ್ಗಳಿಕೆ ಹಲವರ ಎಣಿಕೆಯಲ್ಲಿ ಎಡಿನ್‌ಬರೊದ ಥಾಮಸ್ ಅನ್ನಂಡೇಲ್‌ಗೆ ಸಲ್ಲುತ್ತದೆ. 1895ರಲ್ಲಿ ಆತ ಶಸ್ತ್ರಕ್ರಿಯೆ ಮಾಡಿದ ಯುವತಿ ಆಗ ಗರ್ಭಿಣಿ. ಆಕೆ ಚೇತರಿಸಿಕೊಂಡು ಮಗುವನ್ನೂ ಹೆತ್ತಳು.

ಈ ಎರಡು ಗೆಲುವುಗಳನ್ನು ನೋಡಿ ದಾರಿ ಸುಗಮವಾಯಿತೆಂದು ತಿಳಿದವರು ಬೇಗನೆ ಪಾಠ ಕಲಿತರು. ಬರ್ಲಿನ್ನಿನ ಫೆಡೋರ್ ಕ್ರಾಸೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಲೆಯ ಹಿಂಬದಿಯ ಒಂದೇ ಪಕ್ಕದಿಂದ ಗಡ್ಡೆಗೆ ಹೋಗುವ ಮಾರ್ಗವನ್ನು ರೂಢಿಗೆ ತಂದ. ದಾರಿ ಸರಿಯಾಗಿತ್ತು, ಇಂದಿಗೂ ಅದರ ಸುಧಾರಿತ ರೂಪ ಬಳಕೆಯಲ್ಲಿದೆ. ಆದರೆ ಆಗ ಬರುತ್ತಿದ್ದ ಗಡ್ಡೆಗಳು ನಿಂಬೆಹಣ್ಣಿನ ಗಾತ್ರದವು, ಒಳಗೆ ಹೋದದ್ದು ಬೆರಳು. ರಕ್ತ ಬಂದರೆ ಅರಳೆ ತುರುಕಿ ಒತ್ತಿಹಿಡಿಯುವುದಲ್ಲದೆ ಬೇರೆ ಉಪಾಯವಿರಲಿಲ್ಲ. 1913ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದ ಹೊತ್ತಿಗೆ ಲೆಕ್ಕ ಹೀಗಿತ್ತು: ಶಸ್ತ್ರಕ್ರಿಯೆಯಲ್ಲಿ ಸತ್ತವರು ಲಂಡನ್ನಿನ ವಿಕ್ಟರ್ ಹಾರ್ಸ್ಲಿಯ ಕೈಯಲ್ಲಿ ಶೇ. 67, ವಿಯೆನ್ನಾದ ಆಂಟನ್ ಫಾನ್ ಐಸೆಲ್ಸ್‌ಬರ್ಗ್ ಕೈಯಲ್ಲಿ ಶೇ. 77, ಕ್ರಾಸೆಯ ಕೈಯಲ್ಲಿ ಶೇ. 84. ಇವರು ಆ ಕಾಲದ ಅತ್ಯುತ್ತಮ ಶಸ್ತ್ರವೈದ್ಯರು. ಹೀಗಿರುವಾಗ ರೋಗಿಯನ್ನು ಸಿದ್ಧಪಡಿಸುವುದೆಂದರೆ ಬಹುಮಟ್ಟಿಗೆ ಮನೆಯವರನ್ನು ಸಿದ್ಧಪಡಿಸುವುದೇ ಆಗಿತ್ತು.

ಈ ಲೆಕ್ಕವನ್ನು ತಿರುಗಿಸಿದವನು ಅಮೆರಿಕದ ಹಾರ್ವೆ ಕುಶಿಂಗ್. ಅವನ ಕೈಚಳಕವನ್ನು ಎಲ್ಲರೂ ಹೊಗಳುತ್ತಾರೆ. ಹೊಗಳಬೇಕಾದ್ದು ಅವನ ಪೂರ್ವತಯಾರಿಯನ್ನು. 1917ರಲ್ಲಿ ಈ ಗಡ್ಡೆಗಳ ಮೇಲೆಯೇ ಅವನು ಒಂದು ಇಡೀ ಪುಸ್ತಕ ಬರೆದ. ಅದರ ಜೀವಾಳ ಲಕ್ಷಣಗಳ ಸರದಿ. ಮೊದಲು ಒಂದು ಕಿವಿಯ ಕಿವುಡು ಮತ್ತು ಗುಂಯ್‌ಗುಡುವಿಕೆ, ಆಮೇಲೆ ತಲೆಯ ಹಿಂಭಾಗದ ನೋವು, ನಡಿಗೆಯ ತೂರಾಟ, ಮುಖದ ಮರಗಟ್ಟುವಿಕೆ, ದೃಷ್ಟಿನರದ ಊತ, ಮಾತು ಮತ್ತು ನುಂಗುವಿಕೆಯ ತೊಡಕು, ಕೊನೆಗೆ ಉಸಿರಾಟದ ಬಿಕ್ಕಟ್ಟು. ಯಾವ ಲಕ್ಷಣ ಯಾವುದರ ಹಿಂದೆ ಬಂತು ಎಂದು ರೋಗಿಯನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳುವುದೇ ರೋಗನಿರ್ಣಯ. ಕಿವುಡು ಮೊದಲು ಬಂದಿದ್ದರೆ ಗಡ್ಡೆ ನರದ್ದು. ಕಿರುಮೆದುಳಿನ ಲಕ್ಷಣ ಮೊದಲಾಗಿದ್ದರೆ ಬೇರೇನೋ. ಮೆದುಳನ್ನು ತೋರಿಸುವ ಚಿತ್ರಯಂತ್ರಗಳಿಲ್ಲದ ಕಾಲದಲ್ಲಿ ತಲೆಬುರುಡೆಯ ಯಾವ ಬದಿ ತೆರೆಯಬೇಕೆಂಬ ತೀರ್ಮಾನ ಈ ಸಂಭಾಷಣೆಯ ಮೇಲೆಯೇ ನಿಂತಿತ್ತು.

1901ರಲ್ಲಿ ಇಟಲಿಯ ಪಾವಿಯಾಕ್ಕೆ ಹೋಗಿದ್ದಾಗ ಕುಶಿಂಗ್ ಅಲ್ಲಿ ರೀವಾ-ರೊಚ್ಚಿ ರೂಪಿಸಿದ್ದ ರಕ್ತದೊತ್ತಡದ ಪಟ್ಟಿಯನ್ನು ನೋಡಿ ಅಮೆರಿಕಕ್ಕೆ ತಂದಿದ್ದ. ಅರಿವಳಿಕೆಯ ಹೊತ್ತಿನ ನಾಡಿ, ಉಸಿರು, ರಕ್ತದೊತ್ತಡಗಳನ್ನು ಹಾಳೆಯ ಮೇಲೆ ಗೆರೆಯಾಗಿ ಬರೆಯಿಸುವುದು ಅವನಲ್ಲಿ ನಿಯಮವಾಯಿತು. ತಲೆಬುರುಡೆಯೊಳಗೆ ಒತ್ತಡ ಏರಿದಾಗ ರಕ್ತದೊತ್ತಡ ಏರಿ ನಾಡಿ ಇಳಿಯುತ್ತದೆ ಎಂಬುದನ್ನು ಅವನೇ ಪ್ರಯೋಗಗಳಿಂದ ವಿವರಿಸಿದ್ದ. ಹೀಗಾಗಿ ಆ ಹಾಳೆ ಅವನ ಪಾಲಿಗೆ ಎಚ್ಚರಿಕೆಯ ಗಂಟೆ. ರೋಗಿಯನ್ನು ಬೋರಲು ಮಲಗಿಸಿದಾಗ ಎದೆ ಒತ್ತಿ ಉಸಿರು ಕಟ್ಟಬಾರದೆಂದು ಹೆಗಲಿಗೆ ಊರೆಯಿರುವ ವಿಶೇಷ ತಲೆದಿಂಬಿನ ಮೇಜನ್ನು ಅಳವಡಿಸಿದ. ತಲೆಯ ಹಿಂಬದಿಯಲ್ಲಿ ಎರಡೂ ಕಡೆ ಚಾಚುವ ಅಡ್ಡಬಿಲ್ಲಿನ ಆಕಾರದ ಗಾಯ ಮಾಡಿ, ಮೂಳೆ ತೆಗೆದು, ಮೆದುಳಿನ ಕುಹರದಿಂದ ನೀರು ಬಸಿದು, ಒತ್ತಡ ಇಳಿದ ಮೇಲೆ ಗಡ್ಡೆಯನ್ನು ಮುಟ್ಟುವುದು ಅವನ ಕ್ರಮ. ಮುಟ್ಟಿದ ಮೇಲೂ ಪೂರ್ತಿ ಕೀಳುತ್ತಿರಲಿಲ್ಲ. ಒಳತಿರುಳನ್ನು ಮಾತ್ರ ತೋಡಿ ಹೊರಸಿಪ್ಪೆಯನ್ನು ಉಳಿಸುತ್ತಿದ್ದ. ರಕ್ತನಾಳ ಹಿಡಿಯಲು 1911ರಿಂದ ಬೆಳ್ಳಿಯ ಪುಟ್ಟ ಕ್ಲಿಪ್ಪುಗಳು, 1926ರಿಂದ ಭೌತವಿಜ್ಞಾನಿ ವಿಲಿಯಂ ಬೋವಿಯ ವಿದ್ಯುತ್ ಕತ್ತಿ. 1917ರ ವೇಳೆಗೆ ಸಾವು ಶೇ. 20ರ ಆಸುಪಾಸಿಗೆ ಇಳಿಯಿತು, 1931ರ ಹೊತ್ತಿಗೆ ಶೇ. 4ರ ಹತ್ತಿರಕ್ಕೆ. ಆದರೆ ಉಳಿಸಿದ ಸಿಪ್ಪೆ ಮತ್ತೆ ಬೆಳೆಯುತ್ತಿತ್ತು. ಮೇಜಿನ ಮೇಲೆ ಬದುಕಿದವರಲ್ಲಿ ಅನೇಕರು ಕೆಲವು ವರ್ಷಗಳಲ್ಲಿ ಅದೇ ಗಡ್ಡೆಯಿಂದ ಸತ್ತರು.

ಕುಶಿಂಗನ ಶಿಷ್ಯನಾಗಿ ಆಮೇಲೆ ಎದುರಾಳಿಯಾದ ವಾಲ್ಟರ್ ಡ್ಯಾಂಡಿ ಇದನ್ನು ಒಪ್ಪಲಿಲ್ಲ. ಬಾಲ್ಟಿಮೋರಿನಲ್ಲಿ ಅವನು ತಿರುಳು ತೋಡಿದ ಮೇಲೆ ಸಿಪ್ಪೆಯನ್ನೂ ಮೆಲ್ಲನೆ ಎಳೆದು ಪೂರ್ತಿ ತೆಗೆಯುವ ವಿಧಾನವನ್ನು 1922ರಲ್ಲಿ ಪ್ರಕಟಿಸಿದ. ಸಿದ್ಧತೆಯ ದೃಷ್ಟಿಯಿಂದ ಡ್ಯಾಂಡಿಯ ದೊಡ್ಡ ಕೊಡುಗೆ 1918ರದ್ದು: ತಲೆಬುರುಡೆಗೆ ಸಣ್ಣ ತೂತು ಕೊರೆದು, ಮೆದುಳಿನ ಕುಹರಗಳ ನೀರನ್ನು ತೆಗೆದು ಅಷ್ಟೇ ಗಾಳಿ ತುಂಬಿ ಕ್ಷಕಿರಣ ಚಿತ್ರ ತೆಗೆಯುವುದು. ಗಾಳಿಯ ನೆರಳು ಎತ್ತ ಸರಿದಿದೆ ಎಂಬುದರಿಂದ ಗಡ್ಡೆಯ ಠಿಕಾಣಿ ತಿಳಿಯುತ್ತಿತ್ತು. ರೋಗಿಗೆ ಮಾತ್ರ ಇದು ಶಸ್ತ್ರಕ್ರಿಯೆಗೆ ಮುಂಚಿನ ಇನ್ನೊಂದು ಶಸ್ತ್ರಕ್ರಿಯೆ. ಆಮೇಲಿನ ತಲೆನೋವು, ವಾಂತಿಗಳೂ ಸಣ್ಣವಲ್ಲ. ಅದೇ ಕಾಲದಲ್ಲಿ ಕಿವಿಯ ಮೂಳೆಯನ್ನು ಓರೆಯಾಗಿ ತೋರಿಸುವ ಕ್ಷಕಿರಣ ಚಿತ್ರಗಳು ಬಂದವು. ವಿಯೆನ್ನಾದ ರಾಬರ್ಟ್ ಬಾರಾನಿ ಕಿವಿಗೆ ಬಿಸಿ ಮತ್ತು ತಣ್ಣನೆಯ ನೀರು ಬಿಟ್ಟು ಕಣ್ಣುಗುಡ್ಡೆಯ ಅಲುಗಾಟ ನೋಡುವ ಪರೀಕ್ಷೆಯನ್ನು ರೂಪಿಸಿದ್ದ. 1914ರ ನೊಬೆಲ್ ಅವನಿಗೆ ಸಂದದ್ದು ಸಮತೋಲನದ ಅಂಗದ ಈ ಅಧ್ಯಯನಕ್ಕೆ. ಗಡ್ಡೆಯಿರುವ ಕಿವಿ ಆ ನೀರಿಗೆ ಬಹುತೇಕ ಸುಮ್ಮನಿರುತ್ತದೆ. ವರ್ಷಗಟ್ಟಲೆ ನರ ನಿಧಾನವಾಗಿ ಸಾಯುತ್ತಿದ್ದರೂ ರೋಗಿಗೆ ತಲೆಸುತ್ತು ಅಷ್ಟಾಗಿ ಇರುವುದಿಲ್ಲ, ಏಕೆಂದರೆ ಮೆದುಳು ಇನ್ನೊಂದು ಕಿವಿಯ ಆಧಾರದಲ್ಲಿ ನಡೆಯಲು ಕಲಿತುಬಿಟ್ಟಿರುತ್ತದೆ. ಈ ಸಂಗತಿ ಮುಂದೆ ಒಂದು ವಿಚಿತ್ರ ಸಿದ್ಧತೆಗೆ ದಾರಿಯಾಯಿತು.

ಜೀವ ಉಳಿಯತೊಡಗಿದ ಮೇಲೆ ಮುಖ ಉಳಿಸುವ ಆಸೆ ಹುಟ್ಟಿತು. ಮುಖದ ನರ ಗಡ್ಡೆಯ ಮೇಲ್ಮೈಯಲ್ಲಿ ಹಪ್ಪಳದ ಹಾಗೆ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ. ಬರಿಗಣ್ಣಿಗೆ ಅದನ್ನು ಗುರುತಿಸುವುದು ಕಷ್ಟ. ಡ್ಯಾಂಡಿಯ ರೋಗಿಗಳಲ್ಲಿ ಮುಖ ಸೋಲುವುದು ಚಿಕಿತ್ಸೆಯ ಬೆಲೆಯೆಂದೇ ಒಪ್ಪಿತವಾಗಿತ್ತು. 1931ರಲ್ಲಿ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಪೂರ್ತಿ ಗಡ್ಡೆ ತೆಗೆದೂ ಮುಖದ ನರವನ್ನು ಕಾಪಾಡಿದ. ಸ್ಟಾಕ್‌ಹೋಮಿನ ಹರ್ಬರ್ಟ್ ಒಲಿವೆಕ್ರೋನಾ ಶಸ್ತ್ರಕ್ರಿಯೆಯುದ್ದಕ್ಕೂ ಬಟ್ಟೆಯ ಅಡಿಯಲ್ಲಿ ರೋಗಿಯ ಮುಖ ನೋಡುತ್ತಿರಲು ಒಬ್ಬ ದಾದಿಯನ್ನು ನೇಮಿಸಿದ. ಕೆನ್ನೆ ಅದುರಿದರೆ ಆಕೆ ಕೂಗಬೇಕು, ಅವನ ಕೈ ನಿಲ್ಲಬೇಕು. ಆ ದಾದಿಯ ಕೆಲಸವನ್ನು 1970ರ ದಶಕದ ಕೊನೆಯಿಂದ ಮುಖದ ಸ್ನಾಯುಗಳಿಗೆ ಚುಚ್ಚಿದ ವಿದ್ಯುತ್ ಸೂಜಿಗಳು ವಹಿಸಿಕೊಂಡವು. ರೋಗಿಗೆ ಅರಿವಳಿಕೆ ಕೊಟ್ಟ ಕೂಡಲೇ ಈ ಸೂಜಿಗಳನ್ನು ಹಾಕುವುದು ಈಗ ಸಿದ್ಧತೆಯ ಒಂದು ಭಾಗ.

ಸಾವುಗಳು ಯಾಕೆ ಸಂಭವಿಸುತ್ತಿದ್ದವು ಎಂಬ ಒಗಟಿಗೆ 1949ರಲ್ಲಿ ಒಂದು ಉತ್ತರ ಸಿಕ್ಕಿತು. ಶವಪರೀಕ್ಷೆಗಳನ್ನು ತಾಳೆನೋಡಿದ ಬ್ರಿಟನ್ನಿನ ಆಟ್ಕಿನ್ಸನ್, ಗಡ್ಡೆಯನ್ನು ಬಳಸಿ ಹೋಗುವ ಒಂದು ಕಿರಿಯ ಅಪಧಮನಿ ಕಡಿದುಹೋದರೆ ಮೆದುಳುಕಾಂಡದ ಪಕ್ಕ ಸತ್ತು ರೋಗಿ ಉಳಿಯುವುದಿಲ್ಲವೆಂದು ತೋರಿಸಿದ. ಗಡ್ಡೆಯೇ ಕೊಲ್ಲುತ್ತಿದೆ ಎಂದುಕೊಂಡದ್ದರಲ್ಲಿ ಒಂದು ಪಾಲು ಕೈಯ ಕೆಲಸವಾಗಿತ್ತು. ಅಪಧಮನಿಯನ್ನು ಉಳಿಸಬೇಕಾದರೆ ಅದು ಕಾಣಬೇಕು. ಕಾಣಬೇಕಾದರೆ ಸೂಕ್ಷ್ಮದರ್ಶಕ ಬೇಕು.

ಅದನ್ನು ತಂದವರು ಮೆದುಳಿನ ವೈದ್ಯರಿಗಿಂತ ಮೊದಲು ಕಿವಿಯ ವೈದ್ಯರು. ಸ್ವೀಡನ್ನಿನ ನೀಲೆನ್ 1921ರಲ್ಲೇ ಕಿವಿಯ ಶಸ್ತ್ರಕ್ರಿಯೆಗೆ ಸೂಕ್ಷ್ಮದರ್ಶಕ ಬಳಸಿದ್ದ. 1953ರಲ್ಲಿ ಜರ್ಮನಿಯ ಝೈಸ್ ಕಂಪನಿ ಎರಡೂ ಕಣ್ಣಿಗೆ ಆಳ ತೋರುವ ಶಸ್ತ್ರಕ್ರಿಯಾ ಸೂಕ್ಷ್ಮದರ್ಶಕವನ್ನು ಮಾರುಕಟ್ಟೆಗೆ ತಂದಿತು. ಲಾಸ್ ಏಂಜಲೀಸಿನ ವಿಲಿಯಂ ಹೌಸ್ ಮೊದಲು ದಂತವೈದ್ಯ, ಆಮೇಲೆ ಕಿವಿಯ ತಜ್ಞ. ಹಲ್ಲು ಕೊರೆಯುವವನಿಗೆ ಮೂಳೆ ಕೊರೆಯುವುದು ಹೊಸದಲ್ಲ. ಅವನು ಶವಾಗಾರದಲ್ಲಿ ತಲೆಬುರುಡೆಗಳ ಮೇಲೆ ಅಭ್ಯಾಸ ಮಾಡಿ, ಕಿವಿಯ ಮೂಳೆಯ ಮೂಲಕವೇ ಗಡ್ಡೆಗೆ ಹೋಗುವ ಹಾದಿಗಳನ್ನು ತೆರೆದ. ಒಂದು, ಕಿವಿಯ ಮೇಲಿನಿಂದ ಒಳನಾಳಕ್ಕೆ ಇಳಿಯುವುದು. ಇದರಲ್ಲಿ ಕೇಳುವಿಕೆ ಉಳಿಯುವ ಅವಕಾಶವಿದೆ. ಇನ್ನೊಂದು, ಸಮತೋಲನದ ಅರ್ಧವರ್ತುಲ ನಾಳಗಳನ್ನು ಕೊರೆದು ನೇರ ಹೋಗುವುದು. ಕೇಳುವಿಕೆ ಖಂಡಿತ ಹೋಗುತ್ತದೆ, ಆದರೆ ಮುಖದ ನರ ಮೊದಲಿಗೇ ಕೈಗೆ ಸಿಗುತ್ತದೆ, ಮೆದುಳನ್ನು ಸರಿಸುವ ಗೊಡವೆಯಿಲ್ಲ. ಈ ಎರಡನೆಯ ಹಾದಿಯನ್ನು 1904ರಲ್ಲೇ ಪಾನ್ಸೆ ಎಂಬ ಜರ್ಮನ್ ವೈದ್ಯ ಸೂಚಿಸಿದ್ದ. ಉಳಿ-ಸುತ್ತಿಗೆಯ ಕಾಲದಲ್ಲಿ ಅದು ಕೈಗೂಡಿರಲಿಲ್ಲ. 1964ರಲ್ಲಿ ಹೌಸ್ ಪ್ರಕಟಿಸಿದ ವರದಿ ಮೆದುಳಿನ ವೈದ್ಯರ ಪಾಳಯದಲ್ಲಿ ಸಿಟ್ಟೆಬ್ಬಿಸಿತು: ಕಿವಿಯ ವೈದ್ಯನಿಗೆ ತಲೆಬುರುಡೆಯೊಳಗೆ ಏನು ಕೆಲಸ? ನ್ಯೂರೋಸರ್ಜನ್ ವಿಲಿಯಂ ಹಿಟ್ಸೆಲ್‌ಬರ್ಗರ್ ಅವನ ಜೊತೆ ನಿಂತ. ಎರಡು ವಿಭಾಗಗಳ ವೈದ್ಯರು ಒಂದೇ ರೋಗಿಯನ್ನು ಮುಂಚಿತವಾಗಿ ನೋಡಿ ಒಂದೇ ಮೇಜಿನಲ್ಲಿ ಸರದಿಯಲ್ಲಿ ಕೆಲಸ ಮಾಡುವ ಪದ್ಧತಿ ಈ ಜೋಡಿಯಿಂದ ಬೇರೂರಿತು.

ಹೌಸ್ ಒಂದು ಹೊಸ ಜಾಗಕ್ಕೂ ಕತ್ತಿ ಮುಟ್ಟಿಸಿದ: ಹೊಟ್ಟೆ. ಕೊರೆದ ಮೂಳೆಯ ಗುಳಿಯಿಂದ ಮೆದುಳಿನ ದ್ರವ ಸೋರದಂತೆ ತುಂಬಲು ಕೊಬ್ಬು ಬೇಕು, ಅದನ್ನು ಹೊಟ್ಟೆಯಿಂದ ತೆಗೆಯುತ್ತಾರೆ. ಆದ್ದರಿಂದ ಕಿವಿಯ ಶಸ್ತ್ರಕ್ರಿಯೆಗೆ ಹೋದವರು ಹೊಟ್ಟೆಯ ಮೇಲೂ ಹೊಲಿಗೆ ಹಾಕಿಸಿಕೊಂಡು ಬರುತ್ತಾರೆ. ಮೊದಲೇ ಹೇಳದಿದ್ದರೆ ಗಾಬರಿಯಾಗುವ ಸಂಗತಿ ಇದು.

ತಲೆಬೋಳಿಸುವ ಪದ್ಧತಿ ಬದಲಾದ ಕಥೆಯೂ ಇದೇ ಕಾಲದ್ದು. ಕುಶಿಂಗನ ಕಾಲದಿಂದ ಶಸ್ತ್ರಕ್ರಿಯೆಯ ಮುನ್ನಾದಿನ ಕ್ಷೌರಕತ್ತಿಯಿಂದ ತಲೆಯನ್ನು ನುಣ್ಣಗೆ ಮಾಡುವುದು ಎಲ್ಲೆಡೆ ರೂಢಿ. ಶುಚಿಗಾಗಿ ಮಾಡುತ್ತಿದ್ದ ಈ ಕೆಲಸ ಸೋಂಕನ್ನು ಹೆಚ್ಚಿಸುತ್ತದೆ ಎಂದು 1971ರಲ್ಲಿ ಅಮೆರಿಕದ ಸೆರೋಪಿಯನ್ ಮತ್ತು ರೆನಾಲ್ಡ್ಸ್ ಇತರ ಶಸ್ತ್ರಕ್ರಿಯೆಗಳ ಲೆಕ್ಕದಿಂದ ತೋರಿಸಿದರು: ಕ್ಷೌರಕತ್ತಿ ಬಳಸಿದಲ್ಲಿ ಸೋಂಕು ಶೇ. 5.6, ಬಳಸದಿದ್ದಲ್ಲಿ ಶೇ. 0.6. ಚರ್ಮದ ಮೇಲಿನ ಕಣ್ಣಿಗೆ ಕಾಣದ ಗೀರುಗಳಲ್ಲಿ ರಾತ್ರಿಯಿಡೀ ಕ್ರಿಮಿಗಳು ಬೆಳೆಯುತ್ತಿದ್ದವು. ಈಗ ಕಿವಿಯ ಹಿಂದೆ ಒಂದೆರಡು ಬೆರಳಗಲ, ಅದೂ ಶಸ್ತ್ರಕ್ರಿಯೆಗೆ ಸ್ವಲ್ಪ ಮುಂಚೆ, ಕ್ಲಿಪ್ಪರಿನಿಂದ ತೆಗೆದರೆ ಸಾಕು.

ಔಷಧಗಳ ಕಡೆಯಿಂದಲೂ 1960ರ ದಶಕ ಕೈಹಿಡಿಯಿತು. ಮೆದುಳಿನ ಊತ ಇಳಿಸಲು ಡೆಕ್ಸಾಮೆಥಸೋನ್ 1961ರಿಂದ ಬಂತು, ಅದರ ಬೆನ್ನಿಗೇ ಮೆದುಳಿನ ನೀರೆಳೆಯುವ ಮ್ಯಾನಿಟಾಲ್. ಭಂಗಿಯ ಆಯ್ಕೆಯೂ ಸಿದ್ಧತೆಯ ಭಾಗವೇ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿದಂತೆ ಇಟ್ಟು ತೆರೆಯುವ ಭಂಗಿಯಲ್ಲಿ ರಕ್ತ ತಾನಾಗಿ ಕೆಳಗಿಳಿದು ಜಾಗ ಸ್ವಚ್ಛವಾಗಿ ಕಾಣುತ್ತದೆ. ಆದರೆ ತೆರೆದ ಅಭಿಧಮನಿಗಳು ಗಾಳಿಯನ್ನು ಹೃದಯಕ್ಕೆ ಎಳೆದುಕೊಳ್ಳುವ ಅಪಾಯವಿದೆ. ಎದೆಯ ಮೇಲಿಟ್ಟು ಗಾಳಿಗುಳ್ಳೆಯ ಸದ್ದು ಕೇಳುವ ಡಾಪ್ಲರ್ ಯಂತ್ರ ಇದಕ್ಕೆಂದೇ ಬಂತು. ಈ ಭಂಗಿ ಬಳಸುವ ಕಡೆಗಳಲ್ಲಿ ಹೃದಯದ ಗೋಡೆಯಲ್ಲಿ ತೂತಿದೆಯೇ ಎಂದು ಮೊದಲೇ ನೋಡುವುದುಂಟು.

ಚಿತ್ರ ತೆಗೆಯುವ ವಿದ್ಯೆ ಮುಂದುವರಿದಂತೆ ಗಡ್ಡೆಗಳು ಚಿಕ್ಕವಾಗುತ್ತ ಬಂದವು. ಬೆಳೆಯುವುದಕ್ಕೆ ಮೊದಲೇ ಸಿಕ್ಕಿಬೀಳತೊಡಗಿದವು ಎಂಬುದೇ ಸರಿ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕ್ಷಕಿರಣದಲ್ಲಿ ಕಾಣುವ ಎಣ್ಣೆ ಹಾಕಿ, ರೋಗಿಯನ್ನು ತಲೆಕೆಳಗು ಮಾಡಿ, ಅದು ಕಿವಿಯ ನಾಳಕ್ಕೆ ಹರಿಯುವುದನ್ನು ಕ್ಷಕಿರಣದಲ್ಲಿ ನೋಡುವ ಪರೀಕ್ಷೆ 1960, 70ರ ದಶಕಗಳದ್ದು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಗೆ ಸಿಟಿ ಸ್ಕ್ಯಾನ್ ಆಯಿತು. 1977ರಲ್ಲಿ ಸಂಶೋಧಕರಾದ ಸೆಲ್ಟರ್ಸ್ ಮತ್ತು ಬ್ರಾಕ್‌ಮನ್, ಕಿವಿಗೆ ಟಿಕ್ ಟಿಕ್ ಸದ್ದು ಕೊಟ್ಟು ಮೆದುಳುಕಾಂಡದ ವಿದ್ಯುತ್ ಅಲೆ ತಡವಾಗುತ್ತದೆಯೇ ಎಂದು ಅಳೆದು ಗಡ್ಡೆ ಪತ್ತೆ ಮಾಡುವ ಕ್ರಮವನ್ನು ತೋರಿಸಿದರು. ಎಂಆರ್‌ಐ, 1988ರಲ್ಲಿ ಅದರೊಡನೆ ಗ್ಯಾಡೊಲಿನಿಯಂ ಎಂಬ ಬೆಳಗುವ ಮದ್ದು ಬಂದ ಮೇಲೆ ಕೆಲವೇ ಮಿಲಿಮೀಟರಿನ ಗಡ್ಡೆಯೂ ಬಿಳಿ ಚುಕ್ಕೆಯಾಗಿ ಕಾಣಿಸಿತು. ಗಾಳಿ ತುಂಬುವ, ಎಣ್ಣೆ ಹಾಕುವ ಸಿದ್ಧತೆಗಳು ಒಂದೇ ಪೀಳಿಗೆಯಲ್ಲಿ ಮರೆಯಾದವು.

ಭಾರತದಲ್ಲಿ ಚಿತ್ರ ಬೇರೆಯಾಗಿತ್ತು. ಇಲ್ಲಿ ನರಶಸ್ತ್ರವೈದ್ಯದ ವಿಭಾಗಗಳು ಹುಟ್ಟಿದ್ದೇ 1949ರಲ್ಲಿ ವೆಲ್ಲೂರಿನಲ್ಲಿ ಜೇಕಬ್ ಚಾಂಡಿ, 1950ರಲ್ಲಿ ಮದರಾಸಿನಲ್ಲಿ ಬಿ. ರಾಮಮೂರ್ತಿ ಕೆಲಸ ಆರಂಭಿಸಿದ ಮೇಲೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಆ ವಿಭಾಗವನ್ನು ಕಟ್ಟಿದವರು ಆರ್. ಎಂ. ವರ್ಮ, 1974ರಲ್ಲಿ ಅದು ನಿಮ್ಹಾನ್ಸ್ ಆದಾಗ ಅವರೇ ಮೊದಲ ನಿರ್ದೇಶಕರು. ಒಂದು ಕಿವಿ ಮಂದವಾದರೆ ಗುಗ್ಗೆಯನ್ನೋ ವಯಸ್ಸನ್ನೋ ದೂರಿ ಬೆಚ್ಚನೆಯ ಎಣ್ಣೆ ಬಿಡುವ ಸಮಾಜದಲ್ಲಿ ರೋಗಿ ದೊಡ್ಡಾಸ್ಪತ್ರೆಗೆ ಬರುವುದು ನಡಿಗೆ ತೂರಾಡಿದಾಗ ಇಲ್ಲವೇ ಕಣ್ಣು ಮಂಜಾದಾಗ. ಪಶ್ಚಿಮದಲ್ಲಿ ಗಡ್ಡೆಗಳು ಮಿಲಿಮೀಟರಿಗಿಳಿದ ಮೇಲೂ ಇಲ್ಲಿ ನಾಲ್ಕು ಸೆಂಟಿಮೀಟರಿನವು ಅಪರೂಪವಾಗಲಿಲ್ಲ. ಹೀಗಾಗಿ ಸಿದ್ಧತೆಯ ಮೊದಲ ಪ್ರಶ್ನೆಯೂ ಬೇರೆ: ಮೆದುಳಿನ ಕುಹರಗಳು ನೀರಿನಿಂದ ಉಬ್ಬಿದ್ದರೆ ಮೊದಲು ಅದನ್ನು ಹೊಟ್ಟೆಗೆ ಬಸಿಯುವ ನಳಿಗೆ ಹಾಕಬೇಕೋ, ನೇರ ಗಡ್ಡೆಗೆ ಹೋಗಬೇಕೋ? ಹಿಂದೆ ನಳಿಗೆಯೇ ವಾಡಿಕೆ. ಗಡ್ಡೆ ತೆಗೆದರೆ ಹಲವರಲ್ಲಿ ನೀರು ತಾನಾಗಿ ಇಳಿಯುತ್ತದೆಂದು ಕಂಡ ಮೇಲೆ ಅದು ಆಯ್ದ ರೋಗಿಗಳಿಗೆ ಸೀಮಿತವಾಗುತ್ತ ಬಂತು.

ಚಿಕ್ಕ ಗಡ್ಡೆಗಳು ಸಿಗತೊಡಗಿದ್ದೇ ಶಸ್ತ್ರಕ್ರಿಯೆ ಬೇಕೇ ಎಂಬ ಪ್ರಶ್ನೆ ಎದ್ದಿತು. ಲಾರ್ಸ್ ಲೆಕ್ಸೆಲ್ ಸ್ಟಾಕ್‌ಹೋಮಿನಲ್ಲಿ 1968ರಲ್ಲಿ ಸ್ಥಾಪಿಸಿದ ಗಾಮಾ ನೈಫ್ ಮರುವರ್ಷವೇ ಈ ಗಡ್ಡೆಗೆ ಬಳಕೆಯಾಯಿತು. ಕತ್ತಿಯಿಲ್ಲದೆ ವಿಕಿರಣವನ್ನು ಒಂದು ಬಿಂದುವಿಗೆ ಹಾಯಿಸಿ ಬೆಳವಣಿಗೆ ತಡೆಯುವ ಕ್ರಮ ಅದು. 2006ರ ಡ್ಯಾನಿಷ್ ಅಧ್ಯಯನವೊಂದು ಗಡ್ಡೆಗಳನ್ನು ಸುಮ್ಮನೆ ಗಮನಿಸಿ, ನಾಳದೊಳಗೇ ಇದ್ದವುಗಳಲ್ಲಿ ಶೇ. 17, ಹೊರಗೆ ಚಾಚಿದ್ದವುಗಳಲ್ಲಿ ಶೇ. 29 ಮಾತ್ರ ಬೆಳೆದವೆಂದು ಕಂಡಿತು. ಹಾಗಾಗಿ ಕಾದುನೋಡುವುದೂ ಒಂದು ಚಿಕಿತ್ಸೆಯಾಯಿತು. ಅರಿತು ಒಪ್ಪಿಗೆ ಕೊಡುವ ಹಕ್ಕು ಅಮೆರಿಕದ ನ್ಯಾಯಾಲಯದ ಮಾತಾದದ್ದು 1957ರಲ್ಲಿ. ಈ ರೋಗದಲ್ಲಿ ಅದಕ್ಕೆ ನಿಜವಾದ ಅರ್ಥ ಬಂದದ್ದು ಮೂರು ದಾರಿಗಳು ತೆರೆದುಕೊಂಡ ಮೇಲೆ. 1981ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರೇ ಸೇರಿ ಅಕೌಸ್ಟಿಕ್ ನ್ಯೂರೋಮಾ ಅಸೋಸಿಯೇಷನ್ ಕಟ್ಟಿದರು. ಕಣ್ಣು ಮುಚ್ಚದಿದ್ದರೆ ರಾತ್ರಿ ಮುಲಾಮು ಹೇಗೆ ಹಚ್ಚಬೇಕು, ಒಂದೇ ಕಿವಿಯವರು ಊಟದ ಮೇಜಿನಲ್ಲಿ ಯಾವ ಬದಿ ಕೂರಬೇಕು ಎಂಬಂಥ ವಿಷಯಗಳನ್ನು ವೈದ್ಯರಿಗಿಂತ ಚೆನ್ನಾಗಿ ಹೇಳಬಲ್ಲವರು ಅನುಭವಿಸಿದವರೇ.

ಶಸ್ತ್ರಕ್ರಿಯೆಯಲ್ಲಿ ಸಾವು ಅನುಭವಿ ಕೇಂದ್ರಗಳಲ್ಲಿ ಶೇ. 1ರ ಆಸುಪಾಸಿಗೋ ಅದಕ್ಕೂ ಕೆಳಗೋ ಇಳಿದ ಮೇಲೆ ಸಿದ್ಧತೆ ಬದುಕಿನ ಗುಣಮಟ್ಟದ ಕಡೆ ತಿರುಗಿತು. ಮುಖದ ಚಲನೆಯನ್ನು ಒಂದರಿಂದ ಆರರವರೆಗೆ ಅಳೆಯುವ ಹೌಸ್-ಬ್ರಾಕ್‌ಮನ್ ಮಾಪನ 1985ರದ್ದು. ಶಸ್ತ್ರಕ್ರಿಯೆಗೆ ಮುಂಚೆ ಈ ಅಂಕವನ್ನೂ ಎರಡೂ ಕಿವಿಗಳ ಶ್ರವಣಪಟವನ್ನೂ ದಾಖಲಿಸದೆ ಮುಂದುವರಿಯುವುದಿಲ್ಲ. ಸಮತೋಲನಕ್ಕೆ ಲಂಡನ್ನಿನ ಕಾಥಾರ್ನ್ ಮತ್ತು ಕುಕ್ಸೆ 1940ರ ದಶಕದಲ್ಲಿ ರೂಪಿಸಿದ ತಲೆ-ಕಣ್ಣುಗಳ ಕಸರತ್ತು ಬಹುಕಾಲ ಶಸ್ತ್ರಕ್ರಿಯೆಯ ನಂತರದ ಮಾತಾಗಿತ್ತು. ಸ್ವೀಡನ್ನಿನ ಲುಂಡ್ ನಗರದ ತಂಡ ಇದನ್ನು ಹಿಂದುಮುಂದು ಮಾಡಿ 2007ರಲ್ಲಿ ವರದಿ ಮಾಡಿತು. ಸಮತೋಲನ ಇನ್ನೂ ಉಳಿದಿರುವ ರೋಗಿಗಳ ಕಿವಿಗೆ ವಾರಗಳ ಮುಂಚೆಯೇ ಜೆಂಟಾಮೈಸಿನ್ ಚುಚ್ಚಿ ಆ ಅಂಗವನ್ನು ಬೇಕೆಂದೇ ನಿಷ್ಕ್ರಿಯಗೊಳಿಸುವುದು, ಮನೆಯಲ್ಲೇ ಕಸರತ್ತು ಮಾಡಿಸಿ ಮೆದುಳನ್ನು ಒಂದು ಕಿವಿಯ ನಡಿಗೆಗೆ ಒಗ್ಗಿಸುವುದು, ಆಮೇಲೆ ನರ ಕಡಿಯುವುದು. ಗಡ್ಡೆ ವರ್ಷಗಟ್ಟಲೆ ತಾನೇ ಮಾಡುತ್ತಿದ್ದ ಕೆಲಸವನ್ನು ವೈದ್ಯರು ವಾರಗಳಲ್ಲಿ ಮಾಡಿದ ಹಾಗೆ.

ಎರಡೂ ಕಿವಿಗಳಲ್ಲಿ ಗಡ್ಡೆ ಬರುವ ಆನುವಂಶಿಕ ರೋಗ ನ್ಯೂರೋಫೈಬ್ರೊಮಟೋಸಿಸ್-2ರದ್ದು ಬೇರೆಯೇ ಸಿದ್ಧತೆ. 22ನೆಯ ವರ್ಣತಂತುವಿನಲ್ಲಿರುವ ಅದರ ಜೀನು 1993ರಲ್ಲಿ ಗುರುತಾಯಿತು. ಇವರಿಗೆ ಪೂರ್ತಿ ಕಿವುಡಿನ ಸಾಧ್ಯತೆ ಎದುರಿಗೇ ಇರುವುದರಿಂದ ಕೇಳಿಸುತ್ತಿರುವಾಗಲೇ ತುಟಿಯೋದುವುದನ್ನೂ ಸನ್ನೆ ಭಾಷೆಯನ್ನೂ ಕಲಿಯಲು ಹೇಳುತ್ತಾರೆ. ಕಿವಿ ಮತ್ತು ನರ ಎರಡನ್ನೂ ಬಿಟ್ಟು ನೇರ ಮೆದುಳುಕಾಂಡಕ್ಕೆ ಸದ್ದಿನ ಸಂಕೇತ ಕೊಡುವ ವಿದ್ಯುದ್ವಾರವನ್ನು ಹೌಸ್ ಮತ್ತು ಹಿಟ್ಸೆಲ್‌ಬರ್ಗರ್ 1979ರಲ್ಲಿ ಇಂಥ ಒಬ್ಬ ರೋಗಿಯಲ್ಲಿ ಮೊದಲ ಬಾರಿಗೆ ಇರಿಸಿದರು. ಅದು ಕೊಡುವುದು ಮಾತಿನ ಪೂರ್ಣ ಸ್ಪಷ್ಟತೆಯನ್ನಲ್ಲ. ತುಟಿಯೋದುವಿಕೆಗೆ ಆಸರೆಯಾಗುವಷ್ಟು ಸದ್ದನ್ನು. ಗಡ್ಡೆ ತೆಗೆಯುವ ಅದೇ ಶಸ್ತ್ರಕ್ರಿಯೆಯಲ್ಲಿ ಇದನ್ನು ಕೂಡಿಸುವುದು ವಾಡಿಕೆಯಾದ್ದರಿಂದ, ಬೇಕೋ ಬೇಡವೋ ಎಂಬ ತೀರ್ಮಾನವನ್ನೂ ರೋಗಿ ಮೇಜಿಗೆ ಹೋಗುವ ಮುಂಚೆಯೇ ಮಾಡಿರಬೇಕಾಗುತ್ತದೆ.